ಮನೆಯಲ್ಲೇ ಡೇಕೇರ್: ಫೀಸು ಎಷ್ಟಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಾಲ್ ಮತ್ತು ಒಂದು ಕೋಣೆ ಬಿಟ್ಟುಕೊಟ್ಟು ಆರೆಂಟು ಮಕ್ಕಳನ್ನು ನೋಡಿಕೊಳ್ಳುವವರಿಗಾಗಿ ಈ ಪುಟ. ಇಲ್ಲಿನ ಅಂಕಿಗಳು ಬೆಂಗಳೂರಿನ ಹೊರವಲಯದ ಒಂದು ಬಾಡಿಗೆ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ತೋರಿಸಲು ಹಾಕಿದವು, ಮಾರುಕಟ್ಟೆ ದರವಲ್ಲ. ನೀವು ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ನಿಮ್ಮ ಅಂಕಿ ಹಾಕಿಕೊಳ್ಳಿ. ಲೆಕ್ಕ ಮಾಡುವ ದಾರಿ ಮಾತ್ರ ಅದೇ.

ಪಕ್ಕದ ರಸ್ತೆಯವರು 8,000 ತಗೋತಾರೆ. ನಾನು 7,000 ಇಟ್ಟರೆ ಮಕ್ಕಳು ಬರೋಲ್ವೇ?

ಬರುತ್ತಾರೆ. ಆರು ತಿಂಗಳಾದ ಮೇಲೆ ಆಯಾ ಸಂಬಳ ಕೊಡಲು ಗಂಡನ ಖಾತೆಯಿಂದ ದುಡ್ಡು ತೆಗೆಯುವ ಸ್ಥಿತಿಯೂ ಬರಬಹುದು. ಪಕ್ಕದವರದು ಸ್ವಂತ ಮನೆಯೋ, ಅತ್ತೆ ಜೊತೆಗೆ ಕೈಹಾಕುತ್ತಾರೋ, ಊಟ ಸೇರಿದೆಯೋ, ಶನಿವಾರ ತೆರೆದಿರುತ್ತದೋ, ವರ್ಷಕ್ಕೊಮ್ಮೆ ಬೇರೆ ಶುಲ್ಕ ಇದೆಯೋ ನಿಮಗೆ ಗೊತ್ತಿಲ್ಲ. ಎರಡು ಕಿಲೋಮೀಟರ್ ಸುತ್ತಳತೆಯ ನಾಲ್ಕೈದು ಕಡೆ ವಿಚಾರಿಸುವುದು ಒಳ್ಳೆಯದೇ. ಆದರೆ ತಿಂಗಳ ಫೀಸನ್ನು ಹಾಗೇ ಹೋಲಿಸಬೇಡಿ, ಗಂಟೆಗೆ ಇಳಿಸಿ. ದಿನಕ್ಕೆ 8 ಗಂಟೆಯಂತೆ 22 ದಿನ ತೆರೆದು 8,000 ತೆಗೆದುಕೊಳ್ಳುವವರ ದರ ಗಂಟೆಗೆ 45 ರೂಪಾಯಿ. 10 ಗಂಟೆ ತೆರೆದು 9,000 ತೆಗೆದುಕೊಳ್ಳುವವರದು 41. ಮೇಲ್ನೋಟಕ್ಕೆ ದುಬಾರಿ ಕಂಡವರೇ ಅಗ್ಗ.

ಅವರ ದರದಿಂದ ತಿಳಿಯುವುದು ನಿಮ್ಮ ಏರಿಯಾದ ಪೋಷಕರು ಎಷ್ಟು ಕೊಡಬಲ್ಲರು ಎನ್ನುವುದಷ್ಟೇ. ನಿಮಗೆ ಎಷ್ಟು ಬಂದರೆ ಗಿಟ್ಟುತ್ತದೆ ಎನ್ನುವುದು ನಿಮ್ಮ ಖರ್ಚಿನ ಪುಸ್ತಕದಲ್ಲೇ ಇರುವುದು.

ಹಾಗಾದರೆ ಲೆಕ್ಕ ಎಲ್ಲಿಂದ ಶುರು ಮಾಡಲಿ?

ಒಂದು ಹಾಳೆ ತೆಗೆದುಕೊಂಡು ತಿಂಗಳ ಖರ್ಚು ಬರೆಯಿರಿ. ಎಂಟು ಸೀಟು, ಬೆಳಿಗ್ಗೆ 8:30ರಿಂದ ಸಂಜೆ 6:30, ವಾರಕ್ಕೆ ಐದು ದಿನ, ಒಬ್ಬ ಆಯಾ ಎಂದಿಟ್ಟುಕೊಳ್ಳೋಣ.

ಆಯಾ ಸಂಬಳ 14,000. ವರ್ಷಕ್ಕೊಂದು ತಿಂಗಳ ಸಂಬಳ ಹಬ್ಬದ ಬೋನಸ್ ಅಂದರೆ ತಿಂಗಳಿಗೆ ಸುಮಾರು 1,200. ಒಟ್ಟು 15,200.
ಮನೆ ಬಾಡಿಗೆ 24,000. ಮನೆಯ ಅರ್ಧ ಜಾಗ ಮಕ್ಕಳದು, ಆದರೆ ರಾತ್ರಿ ಮತ್ತು ವಾರಾಂತ್ಯ ನಿಮ್ಮದು. ಆದ್ದರಿಂದ ಮೂರನೇ ಒಂದು ಪಾಲು: 8,000.
ಹೆಚ್ಚುವರಿ ಕರೆಂಟ್, ನೀರು, ಗ್ಯಾಸ್, ಇಂಟರ್ನೆಟ್: 3,000.
ಹಾಲು, ಹಣ್ಣು, ಸಂಜೆ ತಿಂಡಿ ಮಗುವಿಗೆ ದಿನಕ್ಕೆ 35ರಂತೆ, 7 ಮಕ್ಕಳು, 22 ದಿನ: 5,390.
ಫಿನಾಯಿಲ್, ಟಿಶ್ಯೂ, ಗ್ಲೌಸ್, ಸೋಪು: 1,500.
ಒಡೆದ ಆಟಿಕೆ, ಹರಿದ ಪುಸ್ತಕ, ಹಾಸಿಗೆ ಹೊದಿಕೆ: 1,000.
ವರ್ಷಕ್ಕೊಮ್ಮೆ ಬರುವ ಖರ್ಚು, ಅಂದರೆ ಜಿರಳೆ ಔಷಧಿ, ಕ್ಯಾಮೆರಾ ರಿಪೇರಿ, ವಿಮೆ, ಗೋಡೆಗೆ ಪೇಂಟ್, ಎಲ್ಲ ಸೇರಿ 18,000 ಎಂದರೆ ತಿಂಗಳಿಗೆ 1,500.
ಆಯಾ ಬರದ ದಿನ ಬದಲಿ ಹೆಂಗಸಿಗೆ 700ರಂತೆ ಎರಡು ದಿನ: 1,400.
ನಿಮ್ಮ ಸಂಬಳ: 25,000.

ಒಟ್ಟು 61,990. ಇದರ ಮೇಲೆ ಶೇ. 10 ಆಪತ್ತಿನ ಉಳಿತಾಯ ಸೇರಿಸಿದರೆ ಸುಮಾರು 68,190. ಇದನ್ನು ಏಳರಿಂದ ಭಾಗಿಸಿ: 9,741. ಫೀಸು 9,750.

ಸೀಟು ಎಂಟಿದೆ, ಏಳರಿಂದ ಯಾಕೆ ಭಾಗಿಸಬೇಕು?

ಎಂಟೂ ಸೀಟು ಹನ್ನೆರಡೂ ತಿಂಗಳು ತುಂಬಿರುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಮೂರು ವರ್ಷ ದಾಟಿದವರು ಪ್ರೀ-ಸ್ಕೂಲಿಗೆ ಹೋಗುತ್ತಾರೆ, ಆ ಜಾಗ ತುಂಬಲು ಆಗಸ್ಟ್ ಆದರೂ ಆಯಿತು. ಏಪ್ರಿಲ್-ಮೇನಲ್ಲಿ ಮಕ್ಕಳು ಅಜ್ಜಿ ಊರಿಗೆ. ನಡುವೆ ಯಾರಿಗೋ ವರ್ಗಾವಣೆ, ಇನ್ಯಾರೋ ಮನೆ ಬದಲಿಸಿದರು.

ಎಂಟರಿಂದ ಭಾಗಿಸಿ 8,524 ಇಟ್ಟಿರಿ ಅನ್ನಿ. ಏಳು ಮಕ್ಕಳಿರುವ ತಿಂಗಳು ಬರುವುದು 59,668. ಖರ್ಚು 61,990. ಉಳಿತಾಯದ ಮಾತು ಬಿಡಿ, 2,322 ರೂಪಾಯಿ ನಿಮ್ಮ ಸಂಬಳದಿಂದಲೇ ಹೋಯಿತು. ಆರು ಮಕ್ಕಳಿದ್ದರೆ ಕೇಳಲೇಬೇಡಿ, ಯಾಕೆಂದರೆ ಮಗು ಕಡಿಮೆಯಾದರೆ ತಗ್ಗುವುದು ಹಾಲು-ಹಣ್ಣಿನ ಖರ್ಚು ಮಾತ್ರ. ಬಾಡಿಗೆಯೂ ಆಯಾ ಸಂಬಳವೂ ಹಾಗೇ ನಿಂತಿರುತ್ತವೆ.

ಹೊಸದಾಗಿ ಶುರು ಮಾಡುವವರು ಮೊದಲ ಆರು ತಿಂಗಳು ಅರ್ಧ ಸೀಟು ಖಾಲಿ ಎಂದೇ ತಿಳಿದು ಅಷ್ಟು ದುಡ್ಡು ಕೈಯಲ್ಲಿಟ್ಟುಕೊಳ್ಳಿ. ಆ ನಷ್ಟವನ್ನು ಮೊದಲು ಬಂದ ನಾಲ್ಕು ಮಕ್ಕಳ ಫೀಸಿನ ಮೇಲೆ ಹೇರಲಾಗದು.

ನನ್ನ ಸಂಬಳವನ್ನು ಖರ್ಚಿಗೆ ಯಾಕೆ ಸೇರಿಸಬೇಕು? ಉಳಿದದ್ದೆಲ್ಲ ನನ್ನದೇ ಅಲ್ಲವೇ?

ಉಳಿದರೆ ನಿಮ್ಮದು. ಬಾಗಿಲು ತೆರೆಯುವ ಮೊದಲು ಅರ್ಧ ಗಂಟೆ, ಮುಚ್ಚಿದ ಮೇಲೆ ಅರ್ಧ ಗಂಟೆ ಸೇರಿಸಿದರೆ ದಿನಕ್ಕೆ 11 ಗಂಟೆ, ತಿಂಗಳಿಗೆ 242. ತಿಂಗಳ ಸಾಮಾನು ತರುವುದು, ಲೆಕ್ಕ ಬರೆಯುವುದು ಸೇರಿ 250 ಗಂಟೆ ಹಿಡಿಯಿರಿ. 25,000 ಅಂದರೆ ಗಂಟೆಗೆ 100 ರೂಪಾಯಿ. ಇದು ದುರಾಸೆಯ ಅಂಕಿಯಲ್ಲ. ಇದನ್ನು ಕಾಗದದಲ್ಲಿ ಬರೆಯದವರು ಪ್ರತಿ ರಿಯಾಯಿತಿಯನ್ನೂ ತಮ್ಮ ಈ ನೂರು ರೂಪಾಯಿಯಿಂದಲೇ ಕೊಡುತ್ತಿರುತ್ತಾರೆ, ಅವರಿಗೇ ತಿಳಿಯದಂತೆ.

ನಾಳೆ ನಿಮಗೆ ಟೈಫಾಯ್ಡ್ ಬಂದು ಎರಡು ವಾರ ಮಲಗಿದರೆ ನಿಮ್ಮ ಜಾಗಕ್ಕೆ ಯಾರನ್ನಾದರೂ ದುಡ್ಡು ಕೊಟ್ಟು ತರಬೇಕಲ್ಲ, ಆ ದುಡ್ಡು ಫೀಸಿನೊಳಗೆ ಇರಬೇಕು.

ಸ್ವಂತ ಮನೆ ಇದೆ. ಬಾಡಿಗೆ ಸೊನ್ನೆ ಅಂತ ಹಾಕಲೇ?

ಬೇಡ. ಆ ಭಾಗವನ್ನು ಬಾಡಿಗೆಗೆ ಬಿಟ್ಟಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು ಹಾಕಿ. ಟೈಲ್ಸ್ ಸವೆಯುತ್ತದೆ, ಬಾತ್‌ರೂಮಿನ ನಲ್ಲಿ ಮುರಿಯುತ್ತದೆ, ಗೋಡೆ ತುಂಬ ಕ್ರೇಯಾನ್.

ಆರು ತಿಂಗಳ ಕೂಸಿಗೂ ಎರಡೂವರೆ ವರ್ಷದ ಮಗುವಿಗೂ ಒಂದೇ ಫೀಸು ಇಡಬಹುದೇ?

ಹೊಸಬರು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಹೆರಿಗೆ ರಜೆ 26 ವಾರ. ಅದು ಮುಗಿಯುವ ಹೊತ್ತಿಗೆ ಮಗುವಿಗೆ ಐದಾರು ತಿಂಗಳು, ಹಾಗಾಗಿ ವಿಚಾರಣೆಯ ಫೋನುಗಳಲ್ಲಿ ದೊಡ್ಡ ಪಾಲು ಕೈಗೂಸುಗಳದೇ.

ಕೂಸಿನ ಒಂದು ದಿನ ನೋಡಿ. ಐದಾರು ಡೈಪರ್, ಪ್ರತಿ ಸಲ ಬದಲಿಸಿ, ಒರೆಸಿ, ಕೈ ತೊಳೆದು ಬರಲು ಆರೇಳು ನಿಮಿಷ. ಮೂರು ಬಾಟಲಿ ಕುದಿಸುವುದು, ಶೇಖರಿಸಿದ ತಾಯಿಯ ಹಾಲನ್ನು ಬಿಸಿನೀರಿನಲ್ಲಿಟ್ಟು ಹದ ಮಾಡುವುದು, ತೊಡೆಯ ಮೇಲೆ ಕೂರಿಸಿಕೊಂಡು ರಾಗಿ ಸರಿ ತಿನ್ನಿಸಲು ಇಪ್ಪತ್ತೈದು ನಿಮಿಷ, ತೇಗು ಬರುವವರೆಗೆ ಭುಜದ ಮೇಲೆ. ದೊಡ್ಡ ಮಕ್ಕಳು ಒಂದೂವರೆಗೆ ಒಟ್ಟಿಗೆ ಮಲಗಿದರೆ ಕೂಸು ಆಗಷ್ಟೇ ಎದ್ದಿರುತ್ತದೆ. ಒಬ್ಬರ ಎರಡು ಕೈಗೆ ಮೂರು ಕೂಸೇ ಹೆಚ್ಚು. ಬೆಂಕಿಯೋ ಶಾರ್ಟ್ ಸರ್ಕ್ಯೂಟೋ ಆದರೆ ಒಬ್ಬರು ಎತ್ತಿಕೊಂಡು ಮೆಟ್ಟಿಲಿಳಿಯಬಲ್ಲದ್ದು ಎರಡನ್ನೇ.

ಸುಲಭ ಲೆಕ್ಕವೆಂದರೆ, 18 ತಿಂಗಳೊಳಗಿನ ಮಗುವನ್ನು ಒಂದೂವರೆ ಸೀಟು ಎಂದು ಎಣಿಸಿ. ಎಂಟು ಸೀಟಿನಲ್ಲಿ ಎರಡು ಕೂಸು ಮೂರು ಸೀಟಾಯಿತು, ಉಳಿದದ್ದು ಐದು ದೊಡ್ಡ ಮಕ್ಕಳಿಗೆ. ತಲೆ ಏಳೇ. ಕೂಸಿಗೂ 9,750 ಇಟ್ಟರೆ ಒಂದು ಸೀಟಿನ ದುಡ್ಡು ಪೂರ್ತಿ ಕೈಬಿಟ್ಟಿತು. 14,600 ಇಟ್ಟರೆ ಸರಿಹೋಗುತ್ತದೆ.

ಇನ್ನೊಂದು ಮಾತು. ಕೂಸಿನ ದರ ಯಾವಾಗ ಇಳಿಯುತ್ತದೆ ಎನ್ನುವುದನ್ನು ತಾರೀಖಿಗೆ ಕಟ್ಟಿ: 18 ತಿಂಗಳು ತುಂಬಿದ ಮುಂದಿನ ಒಂದನೇ ತಾರೀಖು. 'ನಡೆಯಲು ಶುರು ಮಾಡಿದ ಮೇಲೆ' ಎಂದು ಬರೆದರೆ ಹತ್ತನೇ ತಿಂಗಳಿಗೇ ವಿಡಿಯೋ ಬರುತ್ತದೆ.

ಅರ್ಧ ದಿನಕ್ಕೆ ಅರ್ಧ ಫೀಸು ತಾನೇ?

ಅಲ್ಲ. ಬೆಳಗಿನ ಮಗು 1:30ಕ್ಕೆ ಹೋದ ಮೇಲೆ ಆ ಸೀಟಿಗೆ ಮಧ್ಯಾಹ್ನದಿಂದ ಸಂಜೆವರೆಗೆ ಬರುವ ಮತ್ತೊಂದು ಪುಟ್ಟ ಮಗು ಸಿಗುವುದು ಕಷ್ಟ. ಜೊತೆಗೆ ಬೆಳಗಿನ ಹೊತ್ತೇ ಹೆಚ್ಚು ಕೆಲಸದ್ದು: ಅಳು, ತಿಂಡಿ, ಚಟುವಟಿಕೆ, ಊಟ. ಪೂರ್ತಿ ಫೀಸಿನ ಶೇ. 65 ಇಡಿ. ನಮ್ಮ ಉದಾಹರಣೆಯಲ್ಲಿ 6,350.

ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳಿಗೆ?

3:30ರಿಂದ 6:30 ಅಂದರೆ ಶೇ. 45, ಸುಮಾರು 4,400. ಬೆಳಗಿನ ಅರ್ಧ ದಿನದ ಮಗುವಿನ ಸೀಟನ್ನೇ ಇವರಿಗೆ ಕೊಟ್ಟರೆ ಒಂದು ಸೀಟಿನಿಂದ ಶೇ. 110 ಬರುತ್ತದೆ. ಲಾಭದ ಜೋಡಿ.

ಆದರೆ ದಸರಾ ರಜೆ ಬರಲಿ, ಏಪ್ರಿಲ್ ಬರಲಿ, ಇದೇ ಮಗು ಬೆಳಿಗ್ಗೆ 8:30ಕ್ಕೆ ಬಾಗಿಲಲ್ಲಿ. ಫೀಸು ಮಾತ್ರ ಅದೇ 4,400, ಆಮೇಲೆ ನಿಮ್ಮ ಎಂಟು ಸೀಟಿನಲ್ಲಿ ಒಂಬತ್ತು ಮಕ್ಕಳು. ಇದಕ್ಕೆ ಒಪ್ಪಂದದಲ್ಲೇ ಎರಡು ಸಾಲು ಬೇಕು. ಒಂದು, ಶಾಲೆ ರಜೆಯ ದಿನಕ್ಕೆ 250 ಹೆಚ್ಚುವರಿ. (ಪೂರ್ತಿ ದಿನದ ದರ 9,750 ಭಾಗಿಸು 22, ಅಂದರೆ 443. ಅವರು ಕೊಡುತ್ತಿರುವುದು ದಿನಕ್ಕೆ 200. ವ್ಯತ್ಯಾಸ 243.) ಎರಡು, ರಜೆ ದಿನಗಳಿಗೆ ಸೀಟು ಇದ್ದರೆ ಮಾತ್ರ, 15 ದಿನ ಮೊದಲೇ ಹೇಳಬೇಕು.

ಒಂದೆರಡು ಗಂಟೆಗೆ ಬಿಟ್ಟು ಹೋಗುತ್ತೇವೆ ಅನ್ನುವವರಿಗೆ?

ನಿಮ್ಮ ತಿಂಗಳ ದರ ಗಂಟೆಗೆ 44 ಬೀಳುತ್ತದೆ. ಬಿಡಿ ಗಂಟೆಗೆ ಅದರ ಎರಡೂಕಾಲು ಪಟ್ಟು, 100 ರೂಪಾಯಿ, ಕನಿಷ್ಠ ಮೂರು ಗಂಟೆ. ಹೊಸ ಮಗು ಮೊದಲ ಗಂಟೆ ಅಳುತ್ತದೆ, ಅದು ಅತ್ತರೆ ಇನ್ನೆರಡು ಜೊತೆಗೂಡುತ್ತವೆ. ಲಸಿಕೆ ಕಾರ್ಡು, ತುರ್ತು ಫೋನ್ ನಂಬರು, ಅಲರ್ಜಿ ವಿವರ ಮೊದಲೇ ಕೊಟ್ಟು ನೋಂದಾಯಿಸದ ಮಗುವನ್ನು ಎಷ್ಟೇ ಪರಿಚಯವಿದ್ದರೂ ಇಟ್ಟುಕೊಳ್ಳಬೇಡಿ.

ಊಟ ಫೀಸಿನಲ್ಲಿ ಸೇರಿಸಲೇ, ಬೇರೆ ಇಡಲೇ?

ಹಾಲು, ಹಣ್ಣು, ಸಂಜೆ ತಿಂಡಿ ಒಳಗೆ. ಮಧ್ಯಾಹ್ನದ ಊಟ ಬೇರೆ. ಊಟವನ್ನು ಒಳಗೆ ಸೇರಿಸಿದರೆ 'ನಾವು ಡಬ್ಬಿ ಕಳಿಸ್ತೀವಿ, ಎಷ್ಟು ಕಡಿಮೆ ಮಾಡ್ತೀರಿ' ಎಂಬ ಪ್ರಶ್ನೆ ತಪ್ಪಿದ್ದಲ್ಲ. ಒಬ್ಬರಿಗೆ ಕಡಿಮೆ ಮಾಡಿದ ಸುದ್ದಿ ಸಂಜೆಯೊಳಗೆ ಪೋಷಕರ ಗ್ರೂಪಿನಲ್ಲಿರುತ್ತದೆ. ಅನ್ನ-ಸಾರು, ಮೊಸರನ್ನ, ಪೊಂಗಲ್ ತರಹದ ಊಟಕ್ಕೆ ತಿಂಗಳಿಗೆ ಒಂದೇ ಮೊತ್ತ ಇಡಿ, ದಿನದ ಲೆಕ್ಕ ಬೇಡ. ಒಂದು ವರ್ಷದೊಳಗಿನ ಮಕ್ಕಳ ಆಹಾರ, ಫಾರ್ಮುಲಾ, ಡೈಪರ್ ಪೋಷಕರದೇ.

'ಅಜ್ಜಿ ಬಂದಿದ್ದಾರೆ, ಎರಡು ತಿಂಗಳು ಕಳಿಸಲ್ಲ, ಆಮೇಲೆ ಬರ್ತೀವಿ' ಅಂದರೆ?

ಸೀಟು ಬೇಕೋ ಬೇಡವೋ ಎಂದು ಕೇಳಿ. ಬೇಕಿದ್ದರೆ ಶೇ. 50 ಕೊಟ್ಟು ಹಿಡಿದಿಟ್ಟುಕೊಳ್ಳಲಿ, ವರ್ಷಕ್ಕೆ ಎರಡು ತಿಂಗಳವರೆಗೆ ಮಾತ್ರ. ಬೇಡವಾದರೆ ಬಿಟ್ಟುಕೊಡಲಿ, ಬರುವಾಗ ಜಾಗವಿದ್ದರೆ ಮತ್ತೆ ಪ್ರವೇಶ ಶುಲ್ಕ ಕಟ್ಟಿ ಸೇರಲಿ. ಪುಕ್ಕಟೆಯಾಗಿ ಕಾಯ್ದಿರಿಸುವುದು ಬೇಡವೇ ಬೇಡ. ಅಜ್ಜಿ ಮೂರನೇ ತಿಂಗಳೂ ಉಳಿದುಬಿಟ್ಟರೆ ನೀವು ಆ ಸೀಟಿಗಾಗಿ ಎರಡು ವಿಚಾರಣೆ ವಾಪಸ್ ಕಳಿಸಿರುತ್ತೀರಿ.

ನೀವು ಮಾರುತ್ತಿರುವುದು ಸೀಟನ್ನು, ಹಾಜರಾತಿಯನ್ನಲ್ಲ. ಈ ಒಂದು ಸಾಲು ಒಪ್ಪಂದದ ಮೇಲ್ತುದಿಯಲ್ಲಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಜ್ವರ ಬಂದು ಹತ್ತು ದಿನ ಬರಲಿಲ್ಲ, ಫೀಸು ಕಡಿಮೆ ಮಾಡಬೇಕೇ? ನಾನೇ ರಜೆ ಹಾಕಿದರೆ?

ಮಗುವಿನ ಗೈರಿಗೆ ಕಡಿತವಿಲ್ಲ. ಜ್ವರವಿದ್ದಾಗ ಮನೆಯಲ್ಲಿಟ್ಟುಕೊಂಡ ದಿನಕ್ಕೆ ದುಡ್ಡು ವಾಪಸ್ ಕೊಡಬಾರದೇ, ಇಲ್ಲದಿದ್ದರೆ ಪ್ಯಾರಾಸಿಟಮಾಲ್ ಹಾಕಿ ಕಳಿಸುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ಅನುಭವದಲ್ಲಿ ಹಾಗಾಗುವುದಿಲ್ಲ. ಪ್ಯಾರಾಸಿಟಮಾಲ್ ಹಾಕಿ ಕಳಿಸುವುದು ಆಫೀಸಿಗೆ ರಜೆ ಸಿಗದೆ ಹೋದಾಗ, ಫೀಸಿಗಾಗಿ ಅಲ್ಲ.

ನಿಮ್ಮ ರಜೆಗಳನ್ನು ವರ್ಷದ ಆರಂಭದಲ್ಲೇ ಪಟ್ಟಿ ಮಾಡಿ ಕೊಡಿ: ಸಂಕ್ರಾಂತಿ, ಯುಗಾದಿ, ಗಣೇಶ ಚತುರ್ಥಿ, ಆಯುಧಪೂಜೆ, ವಿಜಯದಶಮಿ, ದೀಪಾವಳಿ, ಕ್ರಿಸ್‌ಮಸ್, ರಾಷ್ಟ್ರೀಯ ಹಬ್ಬಗಳು, ನವೆಂಬರ್ 1. ಅದರ ಮೇಲೆ ಐದು ದಿನ ನಿಮ್ಮ ಸ್ವಂತ ರಜೆ. ಇವೆಲ್ಲ ಫೀಸಿನೊಳಗೆ. ಪಟ್ಟಿಯಲ್ಲಿಲ್ಲದ ದಿನ ನೀವು ಮುಚ್ಚಿದರೆ, ದಿನಕ್ಕೆ 443ರಂತೆ ಮುಂದಿನ ತಿಂಗಳಲ್ಲಿ ಕಳೆಯಿರಿ, ಅವರು ಕೇಳುವ ಮೊದಲೇ.

ಸಂಜೆ ತಡವಾಗಿ ಕರೆದುಕೊಂಡು ಹೋಗುವವರಿಗೆ ದಂಡ ಹಾಕಬಹುದೇ?

ಇಸ್ರೇಲಿನ ಹೈಫಾ ನಗರದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು 10 ಡೇಕೇರ್‌ಗಳಲ್ಲಿ ಇದನ್ನೇ ಪರೀಕ್ಷಿಸಿ 2000ರಲ್ಲಿ ಪ್ರಕಟಿಸಿದರು. ಆರು ಕಡೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಮ್ಮಿ ಎರಡು ಪಟ್ಟಾದರು. 'ಅಯ್ಯೋ ಅವರು ಕಾಯ್ತಿರ್ತಾರೆ' ಎಂಬ ಸಂಕೋಚವಿತ್ತು, ದುಡ್ಡು ಕೊಟ್ಟ ಮೇಲೆ ಅದು ಹೋಯಿತು. ದಂಡ ತೆಗೆದ ಮೇಲೂ ಸಂಖ್ಯೆ ಇಳಿಯಲಿಲ್ಲ. ಸಣ್ಣ ದಂಡ ಎಂದರೆ ತಡವಾಗಿ ಬರಲು ಅಗ್ಗದ ಟಿಕೆಟ್ಟು.

ಬೆಂಗಳೂರಿನಲ್ಲಿ ಹೊರವರ್ತುಲ ರಸ್ತೆಯ ಕಡೆಯಿಂದ ಬರುವವರು ಮಳೆ ದಿನ ತಡವಾಗುವುದು ಅವರ ತಪ್ಪಲ್ಲ. ಹೀಗೆ ಮಾಡಿ: ಫೋನ್ ಮಾಡಿ ಹೇಳಿದರೆ ತಿಂಗಳಿಗೆ ಎರಡು ಸಲ 15 ನಿಮಿಷದವರೆಗೆ ಉಚಿತ. ಆಮೇಲೆ ಪ್ರತಿ ಅರ್ಧ ಗಂಟೆಗೆ 150. ದಿನವೂ ಏಳಕ್ಕೆ ಬರುವವರಿಗೆ 'ಏಳರವರೆಗಿನ ಸೀಟು' ಎಂದೇ ತಿಂಗಳಿಗೆ 800 ಹೆಚ್ಚು ಮಾಡಿ ಮಾರಿ. ಎಂಟು ಸಲ ದಂಡ ಕಟ್ಟಿದರೆ 1,200 ಆಗುವುದರಿಂದ ಅವರೇ 800ರದು ಆರಿಸಿಕೊಳ್ಳುತ್ತಾರೆ. ಈ ದುಡ್ಡಿನಲ್ಲಿ ಅರ್ಧ ಆಯಾಗೆ. ಬಸ್ಸು ತಪ್ಪಿಸಿಕೊಳ್ಳುವವಳು ಅವಳು.

ಅಡ್ವಾನ್ಸ್, ಪ್ರವೇಶ ಶುಲ್ಕ ಎಷ್ಟು?

ಒಂದು ತಿಂಗಳ ಫೀಸು ಅಡ್ವಾನ್ಸ್. 30 ದಿನ ಮೊದಲು ತಿಳಿಸಿ ಬಿಟ್ಟರೆ ವಾಪಸ್ ಕೊಡಿ, ಅಥವಾ ಕೊನೆ ತಿಂಗಳ ಫೀಸಿಗೆ ವಜಾ ಮಾಡಿಕೊಳ್ಳಿ. ಪ್ರವೇಶ ಶುಲ್ಕ 2,000ದಿಂದ 3,000, ಇದು ವಾಪಸ್ ಇಲ್ಲ. ಮಗುವಿನ ಹಾಸಿಗೆ, ಹೊದಿಕೆ, ಫೈಲು, ಮೊದಲ ವಾರ ಹೊಂದಿಕೊಳ್ಳಲು ಬೇಕಾದ ಹೆಚ್ಚಿನ ಕೈ ಇವುಗಳ ಬಾಬ್ತು ಎಂದು ರಸೀದಿಯಲ್ಲಿ ಬರೆಯಿರಿ. ಫೀಸು ಮುಂಗಡ, 5ನೇ ತಾರೀಖಿನೊಳಗೆ. ತಿಂಗಳ ಕೊನೆಗೆ ಫೀಸು ತೆಗೆದುಕೊಂಡರೆ ಏಳೂ ಮನೆಗೆ ನೀವೇ ಸಾಲ ಕೊಟ್ಟಂತೆ.

ಒಡಹುಟ್ಟಿದವರಿಗೆ, ನೆಂಟರಿಗೆ ರಿಯಾಯಿತಿ?

ಎರಡನೇ ಮಗುವೂ ಒಂದು ಸೀಟು ಪೂರ್ತಿ ಹಿಡಿಯುತ್ತದೆ. ನಿಮ್ಮ ಉಳಿತಾಯವೇ ಶೇ. 10, ರಿಯಾಯಿತಿ ಶೇ. 10 ಕೊಟ್ಟರೆ ಆ ಮಗುವಿನಿಂದ ಉಳಿಯುವುದು ಹೆಚ್ಚುಕಮ್ಮಿ ಏನೂ ಇಲ್ಲ. ಶೇ. 5 ಸಾಕು, ಅದೂ ಕಡಿಮೆ ಫೀಸಿನ ಮಗುವಿನ ಮೇಲೆ. ನಾದಿನಿಯ ಮಗುವಾದರೂ ಬಿಲ್ಲಿನಲ್ಲಿ ಪೂರ್ತಿ 9,750 ಬರೆದು, ಕೆಳಗೆ ರಿಯಾಯಿತಿ ಇಷ್ಟು ಎಂದು ಕಾಣಿಸಿ. ಇಲ್ಲದಿದ್ದರೆ ಆ ಕಡಿಮೆ ದರವೇ ನಿಮ್ಮ ದರ ಎಂದು ಊರೆಲ್ಲ ಹರಡುತ್ತದೆ.

ಚೌಕಾಸಿ ಮಾಡುವವರಿಗೆ ಏನು ಹೇಳಲಿ?

ದರ ಇಳಿಸಬೇಡಿ, ಸೇವೆ ಇಳಿಸಿ. '8,500ಕ್ಕೆ ಆಗುತ್ತೆ, ಆದರೆ 5 ಗಂಟೆಗೆ ಕರ್ಕೊಂಡು ಹೋಗಬೇಕು.' ಬಹಳ ಮಂದಿ ಅಲ್ಲಿಗೇ 9,750 ಒಪ್ಪುತ್ತಾರೆ.

ಕರೆಂಟ್ ಬಿಲ್ ವಿಷಯದಲ್ಲಿ ಎಚ್ಚರವೇನು?

ಗೃಹಜ್ಯೋತಿ ಯೋಜನೆಯಿಂದ ಈಗ ನಿಮಗೆ ಸೊನ್ನೆ ಬಿಲ್ ಬರುತ್ತಿರಬಹುದು. ಎಂಟು ಮಕ್ಕಳಿಗೆ ಇಡೀ ದಿನ ಫ್ಯಾನು, ಗೀಸರ್, ದಿನಕ್ಕೆರಡು ಸಲ ವಾಷಿಂಗ್ ಮಷೀನ್ ಓಡಿದರೆ 200 ಯೂನಿಟ್ ದಾಟುತ್ತದೆ, ದಾಟಿದ ತಿಂಗಳು ಇಡೀ ಬಿಲ್ ನೀವೇ ಕಟ್ಟಬೇಕು. ಯೋಜನೆ ಇರುವುದು ಗೃಹಬಳಕೆಗೆ ಮಾತ್ರ. ಆದ್ದರಿಂದ ಸೊನ್ನೆ ಬಿಲ್ ನಂಬಿ ಫೀಸು ಲೆಕ್ಕ ಹಾಕಬೇಡಿ. ಬೇಸಿಗೆಯ ಟ್ಯಾಂಕರ್ ನೀರೂ ಹಾಗೆಯೇ, ವರ್ಷದ ಸರಾಸರಿ ಹಿಡಿಯಿರಿ.

ಜಿಎಸ್‌ಟಿ, ಆದಾಯ ತೆರಿಗೆ?

ಸೇವೆಗಳಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ನಮ್ಮ ಉದಾಹರಣೆಯ ವಹಿವಾಟು 8,19,000. ಆದರೂ ಡೇಕೇರ್ ದುಡ್ಡಿಗೆ ಬೇರೆ ಖಾತೆ, ಬೇರೆ ಯುಪಿಐ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಬಂದಾಗ, ಯಾವುದು ವ್ಯಾಪಾರದ ದುಡ್ಡು ಯಾವುದು ಮನೆಯದು ಎಂದು ಬಿಡಿಸಿ ತೋರಿಸಲು ಬಹಳ ಜನ ಒದ್ದಾಡಿದರು. ಆದಾಯ ತೆರಿಗೆ ರಿಟರ್ನ್ ತಪ್ಪದೆ ಸಲ್ಲಿಸಿ. ಮುಂದೆ ಸಾಲ ಬೇಕೆಂದಾಗ ಬ್ಯಾಂಕು ಮೊದಲು ಕೇಳುವುದೇ ಅದನ್ನು.

ಫೆಬ್ರವರಿ-ಮಾರ್ಚ್‌ನಲ್ಲಿ ಕೆಲವು ಪೋಷಕರು ತಮ್ಮ ತೆರಿಗೆ ಉಳಿಸಲು 'ಟ್ಯೂಷನ್ ಫೀಸು' ಎಂದು ರಸೀದಿ ಬರೆದುಕೊಡಿ ಅನ್ನುತ್ತಾರೆ. ನಿಮ್ಮದು ಶಾಲೆಯಲ್ಲ. 'ಮಕ್ಕಳ ಪಾಲನಾ ಶುಲ್ಕ' ಎಂದೇ ಬರೆಯಿರಿ.

ಕಂಪನಿಯೊಂದು ತನ್ನ ನೌಕರರ ಮಕ್ಕಳಿಗೆ ಸೀಟು ಕೇಳಿದೆ. ಒಪ್ಪಲೇ?

2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ವ್ಯವಸ್ಥೆ ಕಡ್ಡಾಯವಾದ ಮೇಲೆ ಇಂಥ ಕೇಳಿಕೆ ಬರುತ್ತವೆ. ಒಪ್ಪಬಹುದು, ಆದರೆ ಎಂಟರಲ್ಲಿ ಎರಡು-ಮೂರು ಸೀಟು ಮೀರದಿರಲಿ. ಕಂಪನಿಗಳು ಬಿಲ್ ಕೊಟ್ಟ ಮೇಲೆ 30ರಿಂದ 60 ದಿನಕ್ಕೆ ಪಾವತಿಸುತ್ತವೆ. ಪೋಷಕರು 5ನೇ ತಾರೀಖಿಗೆ ನಿಮಗೆ ಕಟ್ಟಿ, ಕಂಪನಿಯಿಂದ ತಾವು ಪಡೆದುಕೊಳ್ಳುವ ಏರ್ಪಾಡು ಎಲ್ಲಕ್ಕಿಂತ ಒಳ್ಳೆಯದು.

ಫೀಸು ಯಾವಾಗ, ಎಷ್ಟು ಏರಿಸಬೇಕು?

ವರ್ಷಕ್ಕೊಮ್ಮೆ, ಜೂನ್ 1ರಿಂದ. ಏಪ್ರಿಲ್ 1ಕ್ಕೆ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ, ಆಯಾಗಳೂ ಆಗಲೇ ಸಂಬಳ ಕೇಳುತ್ತಾರೆ, ಬಾಡಿಗೆ ಕರಾರಿನಲ್ಲಿ 11 ತಿಂಗಳಿಗೊಮ್ಮೆ ಏರಿಕೆ ಇದ್ದೇ ಇರುತ್ತದೆ. ಈ ಮೂರನ್ನು ಹಾಳೆಯಲ್ಲಿ ತಿದ್ದಿ ಮತ್ತೆ ಏಳರಿಂದ ಭಾಗಿಸಿದರೆ ಏರಿಕೆ ಎಷ್ಟೆಂದು ತಾನಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಶೇ. 7ರಿಂದ 10. ಮೂರು ವರ್ಷ ಸುಮ್ಮನಿದ್ದು ಒಮ್ಮೆಲೇ ಶೇ. 25 ಏರಿಸಿದರೆ ಎರಡು ಮನೆಯವರಾದರೂ ಬಿಡುತ್ತಾರೆ.

60 ದಿನ ಮೊದಲು, ಅಂದರೆ ಏಪ್ರಿಲ್ ಮೊದಲ ವಾರ, ಎಲ್ಲರಿಗೂ ಒಂದೇ ದಿನ, ಒಬ್ಬೊಬ್ಬರಿಗೇ ಬೇರೆಯಾಗಿ ಕಳಿಸಿ. ಗ್ರೂಪಿನಲ್ಲಿ ಹಾಕಬೇಡಿ. ಸಂದೇಶ ಇಷ್ಟಿದ್ದರೆ ಸಾಕು:

'ನಮಸ್ಕಾರ. ಜೂನ್ 1ರಿಂದ ತಿಂಗಳ ಫೀಸು 9,750ರ ಬದಲು 10,500. ಸಮಯ, ತಿಂಡಿ, ರಜೆ ಪಟ್ಟಿಯಲ್ಲಿ ಬದಲಾವಣೆ ಇಲ್ಲ. ಮುಂದುವರಿಸುವಿರಾ ಎಂದು ಏಪ್ರಿಲ್ 30ರೊಳಗೆ ತಿಳಿಸಿ, ಸೀಟು ನಿಮ್ಮ ಹೆಸರಿಗೆ ಇಡುತ್ತೇನೆ.'

ಕ್ಷಮೆ ಕೇಳುವ ಸಾಲು, ತರಕಾರಿ ಬೆಲೆಯ ವಿವರಣೆ ಬೇಡ. ವಿವರಣೆ ಕೊಟ್ಟರೆ ಅದರ ಮೇಲೆಯೇ ಚರ್ಚೆ ಶುರು. 30ನೇ ತಾರೀಖಿಗೆ ಉತ್ತರ ಬರದಿದ್ದರೆ ಒಂದು ಫೋನ್ ಮಾಡಿ, ಆಮೇಲೆ ಆ ಸೀಟಿಗೆ ಕಾಯುತ್ತಿರುವವರನ್ನು ಕರೆಯಿರಿ.